ಗ್ರಂಥಾಲಯದ ಪಟ್ಟಿಯಲ್ಲಿ ನೂರಾರು ಡೇಟಾಬೇಸ್, ಅರ್ಥಶಾಸ್ತ್ರದ ಪ್ರಬಂಧಕ್ಕೆ ಎಲ್ಲಿಂದ ಶುರು ಮಾಡಬೇಕು?

ಎಂಎ_ಕೊನೆವರ್ಷ

ಬಡ್ಡಿ ದರ ಏರಿದಾಗ ಜವಳಿ ಕಂಪನಿಗಳು ಹೊಸ ಯಂತ್ರ, ಕಟ್ಟಡದ ಮೇಲೆ ಹಾಕುವ ದುಡ್ಡು ಎಷ್ಟು ಕಡಿಮೆಯಾಗುತ್ತದೆ? ಇದು ನನ್ನ ಪ್ರಬಂಧದ ಪ್ರಶ್ನೆ. ಗೈಡ್ ಹೇಳಿದ್ದು ಒಂದೇ ಮಾತು, ಲೈಬ್ರರಿಯಲ್ಲಿ ಎಲ್ಲಾ ಇದೆ, ನೋಡಿ ಅಂತ. ನೋಡಿದೆ. ಎಬ್ಸ್ಕೋ, ಪ್ರೋಕ್ವೆಸ್ಟ್, ಆರ್ಬಿಸ್, ಸ್ಟ್ಯಾಟಿಸ್ಟಾ, ಡೇಟಾಸ್ಟ್ರೀಮ್, ಡಬ್ಲ್ಯುಆರ್‌ಡಿಎಸ್ ಅಂತ ಪುಟಗಟ್ಟಲೆ ಹೆಸರು. ಯಾವುದರಲ್ಲಿ ಏನಿದೆ ಅಂತ ತಿಳಿಯುತ್ತಿಲ್ಲ. ಒಂದೊಂದರ ಕೆಳಗೆ ಬರೆದಿರುವ ವಿವರಣೆ ಎಲ್ಲದಕ್ಕೂ ಒಂದೇ ಥರ ಇದೆ, 'ಸಮಗ್ರ', 'ವಿಶ್ವಾಸಾರ್ಹ', 'ಜಾಗತಿಕ'. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಲೇಖನ ಸಿಗುತ್ತದೆ, ಒತ್ತಿದರೆ ದುಡ್ಡು ಕೇಳುತ್ತದೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಕಪಾಟಿನ_ಹಿಂದೆ

ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಾಣಿಜ್ಯ, ಅರ್ಥಶಾಸ್ತ್ರ ವಿಭಾಗ ನೋಡಿಕೊಳ್ಳುತ್ತೇನೆ. ಇದೇ ಪ್ರಶ್ನೆ ನಮ್ಮ ಟೇಬಲ್ಲಿಗೆ ಸೆಮಿಸ್ಟರ್ ಪೂರ್ತಿ ಬರುತ್ತಲೇ ಇರುತ್ತದೆ.

ಪಟ್ಟಿಯನ್ನು ಮೇಲಿಂದ ಕೆಳಗೆ ಓದಬೇಡಿ. ಅದನ್ನು ಅಕ್ಷರಗಳ ಕ್ರಮದಲ್ಲಿ ಇಟ್ಟಿದ್ದೇವೆ, ಉಪಯೋಗದ ಕ್ರಮದಲ್ಲಿ ಅಲ್ಲ. ಮೊದಲು ಹಾಳೆ ಮೇಲೆ ಬರೆದುಕೊಳ್ಳಿ: ನನಗೆ ಬೇಕಾದ ಅಂಕಿ ಯಾವುದು? ಅದನ್ನು ಯಾರು ಎಣಿಸಿರಬಹುದು? ಅವರಿಗೆ ಅದು ಯಾಕೆ ಬೇಕಾಗಿತ್ತು? ಬಡ್ಡಿ ದರ ಇಡುವುದು ಕೇಂದ್ರ ಬ್ಯಾಂಕ್, ಅದನ್ನು ಅವರೇ ಪುಕ್ಕಟೆ ಕೊಡುತ್ತಾರೆ. ಒಂದು ಕಂಪನಿ ಯಂತ್ರಕ್ಕೆ ಎಷ್ಟು ಹಾಕಿತು ಅನ್ನುವುದು ಅದರ ವಾರ್ಷಿಕ ವರದಿಯಲ್ಲಿ ಇರುತ್ತದೆ, ಷೇರುಪೇಟೆಯ ನಿಯಂತ್ರಕರು ಕೇಳುತ್ತಾರೆ ಅನ್ನುವ ಕಾರಣಕ್ಕೆ ಅದನ್ನು ಬರೆದಿರುತ್ತಾರೆ. ಸಾವಿರಾರು ವರದಿಗಳಿಂದ ಆ ಸಾಲನ್ನು ಹೆಕ್ಕಿ ಒಂದೇ ಕೋಷ್ಟಕಕ್ಕೆ ತರುವ ಕೆಲಸವಿದೆಯಲ್ಲ, ಅದಕ್ಕೆ ಒಂದು ಸಂಸ್ಥೆ ದುಡ್ಡು ಕೇಳುತ್ತದೆ. ಗ್ರಂಥಾಲಯ ಚಂದಾ ಕಟ್ಟುವುದು ಮುಖ್ಯವಾಗಿ ಆ ಹೆಕ್ಕುವ ಕೆಲಸಕ್ಕೆ.

ಈ ಮೂರು ಪ್ರಶ್ನೆಗೆ ಉತ್ತರ ಬರೆದರೆ ನೂರಾರು ಹೆಸರಿನಲ್ಲಿ ನಾಲ್ಕೈದು ಉಳಿಯುತ್ತವೆ.

ನಿಮ್ಮ ವಿಷಯಕ್ಕೆ ಹಿಂದೆ ಯಾರು ಏನು ಬರೆದಿದ್ದಾರೆ ಅಂತ ನೋಡಲು ಎಕಾನ್‌ಲಿಟ್‌ಗೆ ಹೋಗಿ. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ನಡೆಸುವ ಸೂಚಿ ಅದು, 1886ರಿಂದ ಈಚಿನ ಬರಹಗಳು ಅದರಲ್ಲಿವೆ. ಅಲ್ಲಿ ಪದ ಹಾಕಿ ಹುಡುಕುವುದಕ್ಕಿಂತ ಜೆಇಎಲ್ ಸಂಕೇತ ಹಾಕಿ ಹುಡುಕಿ. ಅರ್ಥಶಾಸ್ತ್ರದ ಪ್ರತಿ ಲೇಖನಕ್ಕೂ ವಿಷಯದ ಒಂದು ಅಕ್ಷರ, ಎರಡು ಅಂಕಿ ಹಾಕುವ ಪದ್ಧತಿ ಇದೆ. ಇ22 ಅಂದರೆ ಹೂಡಿಕೆ, ಇ52 ಅಂದರೆ ಹಣಕಾಸು ನೀತಿ, ಜಿ31 ಅಂದರೆ ಕಂಪನಿಯ ಬಂಡವಾಳ ನಿರ್ಧಾರ, ಎಲ್67ರಲ್ಲಿ ಬಟ್ಟೆ, ಜವಳಿ, ಚಪ್ಪಲಿ, ಚರ್ಮ ಎಲ್ಲಾ ಬರುತ್ತವೆ. ಇ52 ಮತ್ತು ಜಿ31 ಎರಡೂ ಇರುವ ಲೇಖನ ಕೇಳಿ ನೋಡಿ. ಗೂಗಲ್ ಕೊಟ್ಟ ಸಾವಿರಾರು ಫಲಿತಾಂಶಕ್ಕಿಂತ ಆ ಚಿಕ್ಕ ಪಟ್ಟಿ ಎಷ್ಟೋ ವಾಸಿ.

ಮಿತವ್ಯಯಿ

ದುಡ್ಡು ಕೇಳುತ್ತದೆ ಅಂದಿರಲ್ಲ, ಅದಕ್ಕೆ ಒಂದು ಮಾತು. ಸ್ಕಾಲರ್‌ನ ಸೆಟ್ಟಿಂಗ್ಸ್‌ನಲ್ಲಿ 'ಲೈಬ್ರರಿ ಲಿಂಕ್ಸ್' ಅಂತ ಇದೆ. ನಿಮ್ಮ ವಿಶ್ವವಿದ್ಯಾಲಯದ ಹೆಸರು ಹಾಕಿ. ಗ್ರಂಥಾಲಯ ಚಂದಾ ಕಟ್ಟಿದ್ದರೆ ಲೇಖನದ ಪಕ್ಕದಲ್ಲೇ ಕೊಂಡಿ ಬರುತ್ತದೆ. ಬಹಳ ಜನ ಇದನ್ನು ಮಾಡಿಕೊಂಡಿರುವುದೇ ಇಲ್ಲ.

ಅರ್ಥಶಾಸ್ತ್ರದ ಒಂದು ಒಳ್ಳೆಯ ಗುಣ ಅಂದರೆ ಜರ್ನಲ್‌ಗೆ ಬರುವ ಎಷ್ಟೋ ವರ್ಷ ಮುಂಚೆಯೇ ಲೇಖನ ವರ್ಕಿಂಗ್ ಪೇಪರ್ ಆಗಿ ಓಡಾಡುತ್ತಿರುತ್ತದೆ. ಎನ್‌ಬಿಇಆರ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ, ಎಸ್‌ಎಸ್‌ಆರ್‌ಎನ್ ಅನ್ನುವ ಪೇಪರ್ ತಾಣ, ಕೇಂದ್ರ ಬ್ಯಾಂಕ್‌ಗಳ ಪೇಪರ್ ಸರಣಿ, ಲೇಖಕರ ಸ್ವಂತ ಪುಟ, ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಇವನ್ನೆಲ್ಲಾ ಒಟ್ಟಿಗೆ ಹುಡುಕಲು ರೆಪೆಕ್‌ನ ಐಡಿಯಾಸ್ ಪುಟ ಇದೆ. 1997ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ, ಒಂದು ಪೈಸೆ ಕೇಳುವುದಿಲ್ಲ. ಜರ್ನಲ್ ಆಫ್ ಎಕನಾಮಿಕ್ ಪರ್ಸ್ಪೆಕ್ಟಿವ್ಸ್ ಕೂಡ ಪೂರ್ತಿ ಪುಕ್ಕಟೆ, ಅದೂ ಗಣಿತ ಕಡಿಮೆ ಇರುವ ಬರವಣಿಗೆ. ಹೊಸ ವಿಷಯಕ್ಕೆ ಕಾಲಿಡುವವರು ಅಲ್ಲಿಂದ ಶುರು ಮಾಡಿದರೆ ತಲೆನೋವು ಕಡಿಮೆ.

ಆದರೆ ವರ್ಕಿಂಗ್ ಪೇಪರ್ ಓದಿ ಜರ್ನಲ್ ಲೇಖನದ ಹೆಸರು ಹಾಕಬೇಡಿ. ಎರಡರ ನಡುವೆ ಫಲಿತಾಂಶವೇ ಬದಲಾಗಿರುವುದು ಉಂಟು.

ಗುಣಾಕಾರ

ಫೈನಾನ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇವರಿಗೆ ಬೇಕಾಗಿರುವುದು ಕಂಪನಿ ಮಟ್ಟದ ದತ್ತಾಂಶ. ಸುತ್ತಿ ಬಳಸಿ ಹೇಳುವುದು ಬೇಡ, ಡಬ್ಲ್ಯುಆರ್‌ಡಿಎಸ್ ಖಾತೆ ಮಾಡಿಸಿಕೊಳ್ಳಿ. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನವರು 1993ರಲ್ಲಿ ಶುರು ಮಾಡಿದ್ದು. ಅದೇ ಒಂದು ದತ್ತಾಂಶ ಅಲ್ಲ, ಬೇರೆ ಬೇರೆ ದತ್ತಾಂಶಕ್ಕೆ ಒಂದೇ ಬಾಗಿಲು. ನಿಮ್ಮ ವಿಶ್ವವಿದ್ಯಾಲಯ ಯಾವುದಕ್ಕೆ ಚಂದಾ ಕಟ್ಟಿದೆಯೋ ಅಷ್ಟು ಮಾತ್ರ ತೆರೆಯುತ್ತದೆ. ಅಮೆರಿಕದ ಕಂಪನಿಗಳಾದರೆ ಲೆಕ್ಕಪತ್ರಕ್ಕೆ ಕಂಪುಸ್ಟ್ಯಾಟ್, ಷೇರು ಬೆಲೆಗೆ ಸಿಆರ್‌ಎಸ್‌ಪಿ. ಈ ಸಿಆರ್‌ಎಸ್‌ಪಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಹುಟ್ಟಿತು. ನ್ಯೂಯಾರ್ಕ್ ಷೇರುಪೇಟೆಯ ತಿಂಗಳ ಬೆಲೆಗಳು 1926ರಿಂದ ಇವೆ.

ಇನ್ನು ಸಿಕ್ಕಿಬೀಳುವ ಜಾಗಗಳು. ಇವನ್ನು ಯಾರೂ ಮೊದಲು ಹೇಳುವುದಿಲ್ಲ.

ಕಂಪುಸ್ಟ್ಯಾಟ್‌ನ ತ್ರೈಮಾಸಿಕ ಫೈಲಿನಲ್ಲಿ ಬಂಡವಾಳ ವೆಚ್ಚ ಇರುತ್ತದೆ. ಆದರೆ ಅದು ಆ ಮೂರು ತಿಂಗಳ ಲೆಕ್ಕ ಅಲ್ಲ, ಆರ್ಥಿಕ ವರ್ಷದ ಶುರುವಿನಿಂದ ಅಲ್ಲಿಯವರೆಗಿನ ಒಟ್ಟು. ನಗದು ಹರಿವಿನ ಪಟ್ಟಿಯ ಎಲ್ಲಾ ಸಾಲುಗಳೂ ಹೀಗೇ. ಎರಡನೇ ತ್ರೈಮಾಸಿಕದ್ದು ಬೇಕಾದರೆ ಅದರಿಂದ ಮೊದಲನೆಯದನ್ನು ಕಳೆಯಬೇಕು. ಕಳೆಯದೆ ಹಾಗೇ ಹಾಕಿದರೆ ಎಲ್ಲಾ ಕಂಪನಿಗಳೂ ವರ್ಷದ ಕೊನೆಯಲ್ಲಿ ಭಾರಿ ಹೂಡಿಕೆ ಮಾಡುವಂತೆ ಗ್ರಾಫ್ ಬರುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ!

ಇನ್ನೊಂದು ವರ್ಷದ ವಿಷಯ. ಆರ್ಥಿಕ ವರ್ಷ ಜನವರಿಯಿಂದ ಮೇ ಒಳಗೆ ಮುಗಿದರೆ ಕಂಪುಸ್ಟ್ಯಾಟ್ ಅದನ್ನು ಹಿಂದಿನ ವರ್ಷದ ಲೆಕ್ಕಕ್ಕೆ ಹಾಕುತ್ತದೆ. ಮಾರ್ಚ್ 2023ಕ್ಕೆ ಮುಗಿದ ವರ್ಷ ಅಲ್ಲಿ 2022. ಬಡ್ಡಿ ದರದ ಜತೆ ಜೋಡಿಸುವಾಗ ವರ್ಷದ ಹೆಸರು ನೋಡಬೇಡಿ, ಲೆಕ್ಕ ಮುಗಿದ ದಿನಾಂಕ ನೋಡಿ.

ಆಮೇಲೆ ಟಿಕ್ಕರ್, ಅಂದರೆ ಷೇರುಪೇಟೆಯಲ್ಲಿ ಕಂಪನಿಗೆ ಇರುವ ಚಿಕ್ಕ ಹೆಸರು, ಹಿಡಿದು ಎರಡು ಫೈಲ್ ಸೇರಿಸುವುದು ಬೇಡವೇ ಬೇಡ. ಒಂದು ಕಂಪನಿ ಮುಚ್ಚಿದ ಮೇಲೆ ಅದರ ಟಿಕ್ಕರ್ ಬೇರೆಯವರಿಗೆ ಹೋಗುತ್ತದೆ. ಕಂಪುಸ್ಟ್ಯಾಟ್‌ನಲ್ಲಿ ಜಿವಿಕೀ, ಸಿಆರ್‌ಎಸ್‌ಪಿಯಲ್ಲಿ ಪರ್ಮ್‌ನೋ ಅಂತ ಬದಲಾಗದ ಗುರುತುಗಳಿವೆ, ಎರಡನ್ನೂ ಕೂಡಿಸುವ ಕೋಷ್ಟಕ ಅಲ್ಲೇ ಇದೆ.

ಎಂಎ_ಕೊನೆವರ್ಷ

ತುಂಬಾ ಉಪಕಾರ. ಜವಳಿ ಕಂಪನಿ ಯಾವುದು ಅಂತ ಹೇಗೆ ಆರಿಸುವುದು? ಹೆಸರಿನಲ್ಲಿ ಟೆಕ್ಸ್‌ಟೈಲ್ಸ್ ಅಂತ ಇರುವವನ್ನೆಲ್ಲಾ ತೆಗೆದುಕೊಳ್ಳಲೇ?

ಕಪಾಟಿನ_ಹಿಂದೆ

ಬೇಡ. ಉದ್ಯಮಕ್ಕೆ ಸಂಕೇತಗಳಿವೆ. ಹಳೆಯದು ಎಸ್‌ಐಸಿ, 1930ರ ದಶಕದ್ದು. ಅದರಲ್ಲಿ 22 ಜವಳಿ ಗಿರಣಿ, 23 ಸಿದ್ಧ ಉಡುಪು. 1997ರಲ್ಲಿ ಉತ್ತರ ಅಮೆರಿಕದವರು ಎನ್‌ಎಐಸಿಎಸ್ ತಂದರು. ಅಲ್ಲಿ 313 ಗಿರಣಿ, 314 ಜವಳಿ ಪದಾರ್ಥ, 315 ಉಡುಪು. ವಿಶ್ವಸಂಸ್ಥೆಯ ಐಎಸ್‌ಐಸಿಯಲ್ಲಿ 13 ಮತ್ತು 14. ವ್ಯಾಪಾರದ ಅಂಕಿಗಳಾದರೆ ಮತ್ತೆ ಬೇರೆ, ಆಮದು ರಫ್ತಿನ ಸರಕುಗಳಿಗೆ ಹಾಕುವ ಎಚ್‌ಎಸ್ ಸಂಕೇತದಲ್ಲಿ ಅಧ್ಯಾಯ 50ರಿಂದ 63ರವರೆಗೆ ಜವಳಿ. ಯಾವ ಡೇಟಾಬೇಸ್ ಯಾವ ಸಂಕೇತ ಬಳಸುತ್ತದೆ ಅಂತ ಮೊದಲೇ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಮ್ಮಲ್ಲಿಗೆ ಬರುವವರು 'ಈ ಡೇಟಾಬೇಸ್‌ನಲ್ಲಿ ಏನೂ ಸಿಗುತ್ತಿಲ್ಲ' ಅನ್ನುವಾಗ ಹೆಚ್ಚಿನ ಸಲ ಕಾರಣ ಇದೇ ಆಗಿರುತ್ತದೆ, ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿರುತ್ತಾರೆ, ಸಂಕೇತ ಹಾಕಿರುವುದಿಲ್ಲ.

ಶಂಕೆ_ಪಂಡಿತ

ಸಂಕೇತವನ್ನೂ ಕುರುಡಾಗಿ ನಂಬಬೇಡಿ. ಬಹಳಷ್ಟು ಫೈಲುಗಳಲ್ಲಿ ಇರುವುದು ಕಂಪನಿಯ ಇವತ್ತಿನ ಸಂಕೇತ. ಬರ್ಕ್‌ಷೈರ್ ಹ್ಯಾಥವೇ ಗೊತ್ತಲ್ಲ? ವಾರೆನ್ ಬಫೆಟ್ 1965ರಲ್ಲಿ ಹಿಡಿತಕ್ಕೆ ತೆಗೆದುಕೊಂಡಾಗ ಅದು ಜವಳಿ ಗಿರಣಿ. 1985ರಲ್ಲಿ ಗಿರಣಿ ಕೆಲಸ ಮುಚ್ಚಿದರು. ಇವತ್ತಿನ ಸಂಕೇತ ಹಾಕಿ 1970ರ ದಶಕದ ಜವಳಿ ಕಂಪನಿಗಳನ್ನು ಕೇಳಿದರೆ ಅದು ಬರುವುದೇ ಇಲ್ಲ. ವರ್ಷವಾರು ಸಂಕೇತ ಇರುವ ಅಂಕಣ ಬೇರೆ ಇರುತ್ತದೆ, ಅದನ್ನು ಬಳಸಬೇಕು.

ಇದಕ್ಕಿಂತ ದೊಡ್ಡ ಸಮಸ್ಯೆ ಮುಚ್ಚಿಹೋದ ಕಂಪನಿಗಳದ್ದು. ಜವಳಿಯಂಥ ಉದ್ಯಮದಲ್ಲಿ ಬಡ್ಡಿ ಏರಿದಾಗ ಎಲ್ಲರಿಗಿಂತ ಮೊದಲು ಸಾಯುವವರು ಸಾಲ ಜಾಸ್ತಿ ಇರುವವರು. ಈಗ ಬದುಕಿರುವ ಕಂಪನಿಗಳ ಪಟ್ಟಿ ಹಿಡಿದು ಹಿಂದಕ್ಕೆ ಹೋದರೆ ನಿಮಗೆ ಸಿಗುವುದು ಆ ಏಟು ತಿಂದೂ ಉಳಿದವರು ಮಾತ್ರ. ಆಮೇಲೆ 'ಬಡ್ಡಿ ಏರಿದರೂ ಹೂಡಿಕೆಗೆ ಅಷ್ಟೇನೂ ಹೊಡೆತ ಬೀಳಲಿಲ್ಲ' ಅಂತ ಪ್ರಬಂಧ ಬರೆಯುತ್ತೀರಿ. ಬೀಳದೆ ಏನು? ಬಿದ್ದವರು ನಿಮ್ಮ ಫೈಲಿನಲ್ಲೇ ಇಲ್ಲ.

ಷೇರು ಬೆಲೆಗಳು ಸಿಗುವ ಡೇಟಾಸ್ಟ್ರೀಮ್‌ನಲ್ಲಿ ಇದೇ ರೋಗದ ಇನ್ನೊಂದು ರೂಪ ಇದೆ. ಸತ್ತ ಷೇರಿನ ಕೊನೆಯ ಬೆಲೆಯನ್ನು ಅದು ಮುಂದಿನ ದಿನಗಳಿಗೂ ಹಾಗೇ ಎಳೆದುಕೊಂಡು ಹೋಗುತ್ತದೆ. ತೆಗೆದು ಹಾಕದಿದ್ದರೆ ಆ ಕಂಪನಿ ವರ್ಷಗಟ್ಟಲೆ ಸೊನ್ನೆ ಲಾಭ, ಸೊನ್ನೆ ಏರಿಳಿತದ ಬಹಳ ಶಾಂತ ಷೇರಿನ ಹಾಗೆ ಕಾಣುತ್ತದೆ.

ಗುಣಾಕಾರ

ಒಪ್ಪುತ್ತೇನೆ. ಆದರೆ ಕಂಪುಸ್ಟ್ಯಾಟ್‌ನಲ್ಲಿ ಮುಚ್ಚಿದ ಕಂಪನಿಗಳೂ ಇವೆ. ಹುಡುಕುವ ಪುಟದಲ್ಲಿ 'ಸಕ್ರಿಯ' ಮತ್ತು 'ನಿಷ್ಕ್ರಿಯ' ಎರಡನ್ನೂ ಗುರುತು ಮಾಡಬೇಕು, ಅಷ್ಟೇ.

ಶಂಕೆ_ಪಂಡಿತ

ಸರಿ. ಆದರೂ ಅದು ಷೇರುಪೇಟೆಗೆ ಬಂದ ಕಂಪನಿಗಳ ಲೆಕ್ಕ ತಾನೇ? ಪ್ರಶ್ನೆ ಇರುವುದು ಜವಳಿ ಕಂಪನಿಗಳ ಬಗ್ಗೆ. ಪೇಟೆಯಲ್ಲಿ ಇರುವವರು ಬಾಂಡ್ ಮಾರಬಹುದು, ಹೊಸ ಷೇರು ಬಿಡಬಹುದು. ಬ್ಯಾಂಕ್ ಸಾಲ ಒಂದನ್ನೇ ನಂಬಿಕೊಂಡ ಸಣ್ಣ ಗಿರಣಿಗೆ ಬಡ್ಡಿ ಏರಿದರೆ ಬೇರೆ ದಾರಿ ಇಲ್ಲ. ಏಟು ಎಲ್ಲಿ ಜಾಸ್ತಿ ಬೀಳುತ್ತದೋ ಅಲ್ಲಿ ನಿಮ್ಮ ದೀಪವೇ ಇಲ್ಲ.

ಗುಣಾಕಾರ

ಅದಕ್ಕೆ ಆರ್ಬಿಸ್ ಇದೆ. ಖಾಸಗಿ ಕಂಪನಿಗಳೂ ಸಿಗುತ್ತವೆ, ಬಹಳ ದೇಶಗಳದ್ದು.

ಶಂಕೆ_ಪಂಡಿತ

ಇದೆ. ಅದರಲ್ಲೂ ನೋಡಬೇಕಾದ್ದು ಇದೆ. ಖಾಸಗಿ ಕಂಪನಿ ಲೆಕ್ಕ ಒಪ್ಪಿಸಲೇಬೇಕು ಅನ್ನುವ ಕಾನೂನು ಎಲ್ಲಿದೆಯೋ ಆ ದೇಶಗಳದ್ದು ಚೆನ್ನಾಗಿ ಸಿಗುತ್ತದೆ. ಯುರೋಪಿನ ಬಹಳಷ್ಟು ದೇಶಗಳು ಹಾಗೆ. ಅಮೆರಿಕದಲ್ಲಿ ಆ ಕಡ್ಡಾಯ ಇಲ್ಲ, ಹಾಗಾಗಿ ಅಲ್ಲಿನ ಖಾಸಗಿ ಕಂಪನಿಗಳ ಲೆಕ್ಕಪತ್ರ ಆರ್ಬಿಸ್‌ನಲ್ಲಿ ಹೆಚ್ಚು ಕಡಿಮೆ ಖಾಲಿ. ಮತ್ತೆ ಆನ್‌ಲೈನ್ ಆವೃತ್ತಿಯಲ್ಲಿ ಸಾಮಾನ್ಯವಾಗಿ ಈಚಿನ ಸುಮಾರು 10 ವರ್ಷ ಮಾತ್ರ ಉಳಿಯುತ್ತದೆ. ಹಳೆಯದು ಬೇಕಾದರೆ ಬೇರೆ ಚಂದಾ. ಎಷ್ಟು ದೇಶ, ಎಷ್ಟು ಕೋಟಿ ಕಂಪನಿ ಅಂತ ಜಾಹೀರಾತಿನಲ್ಲಿ ಇರುತ್ತದೆ. ಅದರಲ್ಲಿ ಎಷ್ಟು ಕಂಪನಿಗಳಿಗೆ ನಿಮಗೆ ಬೇಕಾದ ಅಂಕಣ ತುಂಬಿದೆ ಅನ್ನುವುದು ಬೇರೆಯೇ ಪ್ರಶ್ನೆ. ಚಿಕ್ಕ ಮಾದರಿ ಇಳಿಸಿ ಖಾಲಿ ಜಾಗ ಎಣಿಸಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಕಪಾಟಿನ_ಹಿಂದೆ

ಈ ವಾದ ನನಗೆ ಇಷ್ಟವಾಯಿತು. ಯಾವ ಡೇಟಾಬೇಸ್ ಒಳ್ಳೆಯದು ಅಂತ ಕೇಳಿದರೆ ನಾನು ಹೇಳುವುದೂ ಇದನ್ನೇ. ಕಾನೂನು ಯಾರನ್ನು ಲೆಕ್ಕ ಕೇಳುತ್ತದೋ ಅವರ ದತ್ತಾಂಶ ಇರುತ್ತದೆ, ಕೇಳದವರದ್ದು ಇರುವುದಿಲ್ಲ, ಇದ್ದರೂ ಅಂದಾಜು. ಎಂಎ_ಕೊನೆವರ್ಷ, ನೀವು ಯಾವ ದೇಶದ ಕಂಪನಿ ನೋಡಬೇಕು ಅನ್ನುವುದನ್ನೂ ಇದೇ ಲೆಕ್ಕದಲ್ಲಿ ತೀರ್ಮಾನ ಮಾಡಬಹುದು.

ಹಳೇ_ಬ್ಯಾಚ್

ಮಧ್ಯೆ ಬಂದೆ, ಕ್ಷಮಿಸಿ. ನಾನು ಓದು ಮುಗಿಸಿ ಈಗ ಸಣ್ಣ ಕಂಪನಿ ಕಟ್ಟುತ್ತಿದ್ದೇನೆ. ಉಡುಪಿನ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಹೂಡಿಕೆದಾರರಿಗೆ ತೋರಿಸಬೇಕು. ಸ್ಟ್ಯಾಟಿಸ್ಟಾ, ಯುರೋಮಾನಿಟರ್, ಐಬಿಐಎಸ್ ವರ್ಲ್ಡ್ ವರದಿಗಳು ಓದಿದ ವಿಶ್ವವಿದ್ಯಾಲಯದಲ್ಲಿ ಇವೆ. ಜೂನಿಯರ್ ಒಬ್ಬರ ಲಾಗಿನ್ ಇದೆ. ತೆಗೆದುಕೊಳ್ಳಬಹುದಾ?

ಕಪಾಟಿನ_ಹಿಂದೆ

ಬೇಡ, ದಯವಿಟ್ಟು. ಈ ಮೂರರ ಶಿಕ್ಷಣ ಪರವಾನಗಿಯೂ ಓದು, ಬೋಧನೆ, ಸಂಶೋಧನೆಗೆ ಮಾತ್ರ. ವ್ಯಾಪಾರಕ್ಕೆ ಬಳಸುವಂತಿಲ್ಲ, ಲಾಗಿನ್ ಹಂಚುವಂತಿಲ್ಲ. ಸಿಕ್ಕಿಬಿದ್ದರೆ ತೊಂದರೆ ಆಗುವುದು ನಿಮ್ಮ ಜೂನಿಯರ್‌ಗೆ. ನೀವೇ ಗ್ರಂಥಾಲಯಕ್ಕೆ ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ಓದಲು ಕೆಲವು ಡೇಟಾಬೇಸ್‌ಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಬೇರೆಯದೇ ಪ್ರವೇಶ ಇರುವ ಕಡೆಗಳೂ ಇವೆ, ಅಲ್ಲಿ ಸಿಗುವುದು ಚಿಕ್ಕ ಪಟ್ಟಿ. ಕೇಳಿ ನೋಡಿ, ಕೇಳುವುದಕ್ಕೆ ದುಡ್ಡಿಲ್ಲ.

ಸುದ್ದಿ_ಮನೆ

ಹಳೇ_ಬ್ಯಾಚ್ ಅವರೇ, ಆ ಅಂಕಿಗಳಿಗೆ ಅಷ್ಟೊಂದು ಆಸೆ ಪಡಬೇಡಿ. ನಾನು ವಾಣಿಜ್ಯ ವರದಿಗಾರ. ಸ್ಟ್ಯಾಟಿಸ್ಟಾ ಬಹಳಷ್ಟು ಕಡೆ ಬೇರೆಯವರ ಅಂಕಿಯನ್ನು ತಂದು ಚಾರ್ಟ್ ಮಾಡಿ ಕೊಡುತ್ತದೆ. ಚಾರ್ಟಿನ ಜತೆ ಮೂಲ ಯಾವುದು ಅಂತ ಬರೆದಿರುತ್ತದೆ. ಮೂಲ ವಿಶ್ವಬ್ಯಾಂಕ್ ಅಥವಾ ಒಂದು ದೇಶದ ಅಂಕಿಅಂಶ ಇಲಾಖೆ ಆಗಿದ್ದರೆ ನೇರ ಅಲ್ಲಿಗೇ ಹೋಗಿ, ಪುಕ್ಕಟೆ ಸಿಗುತ್ತದೆ, ವಿವರವೂ ಜಾಸ್ತಿ. 'ಸ್ಟ್ಯಾಟಿಸ್ಟಾ ಪ್ರಕಾರ' ಅಂತ ಬರೆಯುವುದನ್ನು ನಮ್ಮ ಸಂಪಾದಕರು ಹೊಡೆದು ಹಾಕುತ್ತಾರೆ, ಸರಿಯೂ ಹೌದು.

ಕಂಪನಿಗಳ ಬಗ್ಗೆ ಪುಕ್ಕಟೆ ಸಿಗುವ ಅತಿ ದೊಡ್ಡ ಗಣಿ ಅಂದರೆ ಅಮೆರಿಕದ ಷೇರುಪೇಟೆ ನಿಯಂತ್ರಕರ ಎಡ್ಗರ್. 10-ಕೆ ಅನ್ನುವ ವಾರ್ಷಿಕ ವರದಿಯಲ್ಲಿ ಕಂಪನಿಗಳು ತಮ್ಮ ಉದ್ಯಮ, ಸ್ಪರ್ಧಿಗಳು, ತಮಗಿರುವ ಅಪಾಯ ಎಲ್ಲಾ ಬರೆಯಲೇಬೇಕು. 2001ರಿಂದ ಈಚಿನ ಕಡತಗಳಲ್ಲಿ ಪದ ಹಾಕಿ ಹುಡುಕಬಹುದು. ಒಂದು ದೊಡ್ಡ ಉಡುಪಿನ ಕಂಪನಿಯ 10-ಕೆ ಓದಿದರೆ ದುಬಾರಿ ಮಾರುಕಟ್ಟೆ ವರದಿಯಲ್ಲಿ ಇರುವ ಎಷ್ಟೋ ಮಾತು ಅಲ್ಲಿಂದಲೇ ಬಂದದ್ದು ಅಂತ ಗೊತ್ತಾಗುತ್ತದೆ.

ಹಳೇ_ಬ್ಯಾಚ್

ಇದು ನನಗೆ ಗೊತ್ತೇ ಇರಲಿಲ್ಲ. ಲಾಗಿನ್ ಯೋಚನೆ ಬಿಟ್ಟೆ.

ಎಂಎ_ಕೊನೆವರ್ಷ

ಬಡ್ಡಿ ದರ, ಜಿಡಿಪಿ, ಬೆಲೆ ಏರಿಕೆ, ಇವಕ್ಕೆಲ್ಲಾ ಫ್ರೆಡ್ ಸಾಕಾ? ಬ್ಲೂಮ್‌ಬರ್ಗ್ ಟರ್ಮಿನಲ್ ಕೂಡ ನಮ್ಮ ಗ್ರಂಥಾಲಯದಲ್ಲಿ ಇದೆ. ಸದಾ ಯಾರಾದರೂ ಕೂತಿರುತ್ತಾರೆ.

ಮಿತವ್ಯಯಿ

ಅಮೆರಿಕದ ಅಂಕಿಗಳಿಗೆ ಫ್ರೆಡ್ ಧಾರಾಳ ಸಾಕು. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನದ್ದು, 8 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಎಕ್ಸೆಲ್, ಪೈಥಾನ್, ಆರ್ ಯಾವುದರಿಂದಲೂ ನೇರ ಎಳೆದುಕೊಳ್ಳಬಹುದು. ಬೇರೆ ದೇಶಗಳದ್ದೂ ಅಲ್ಲಿದೆ, ಆದರೆ ಬೇರೆಯವರಿಂದ ತಂದದ್ದು. ಕೆಲವು ಸರಣಿ ಯಾವಾಗಲೋ ನಿಂತುಹೋಗಿರುತ್ತವೆ, ಕೊನೆಯ ದಿನಾಂಕ ನೋಡಿ. ದೇಶ ದೇಶ ಹೋಲಿಸಬೇಕಾದರೆ ವಿಶ್ವಬ್ಯಾಂಕಿನ ಅಭಿವೃದ್ಧಿ ಸೂಚಿಗಳು. 2010ರಿಂದ ಎಲ್ಲರಿಗೂ ಪುಕ್ಕಟೆ.

ಮೂರು ಕಡೆ ಹುಷಾರು. ಅಮೆರಿಕದ ತ್ರೈಮಾಸಿಕ ಜಿಡಿಪಿಯನ್ನು ವಾರ್ಷಿಕ ದರಕ್ಕೆ ಏರಿಸಿ ಕೊಟ್ಟಿರುತ್ತಾರೆ, ನಾಲ್ಕು ತ್ರೈಮಾಸಿಕ ಕೂಡಿಸಿದರೆ ದೇಶದ ಆದಾಯ ನಾಲ್ಕು ಪಟ್ಟಾಗುತ್ತದೆ! ಐಎಂಎಫ್‌ನ ವರ್ಲ್ಡ್ ಎಕನಾಮಿಕ್ ಔಟ್‌ಲುಕ್ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ, ಅದರ ಫೈಲಿನಲ್ಲಿ ಮುಂದಿನ ವರ್ಷಗಳ ಮುನ್ಸೂಚನೆಯೂ ಅದೇ ಸಾಲಿನಲ್ಲಿ ಇರುತ್ತದೆ, ಯಾವ ವರ್ಷದಿಂದ ಅಂದಾಜು ಶುರು ಅಂತ ಒಂದು ಅಂಕಣ ಹೇಳುತ್ತದೆ, ಅದನ್ನು ನೋಡದೆ ಮುನ್ಸೂಚನೆಯನ್ನೇ ನಡೆದದ್ದು ಅಂತ ಹಾಕಿದ ಪ್ರಬಂಧಗಳು ಬೇಕಾದಷ್ಟಿವೆ. ಇನ್ನು ಯುಎನ್ ಕಾಮ್‌ಟ್ರೇಡ್‌ನಲ್ಲಿ ಒಂದು ದೇಶ ರಫ್ತು ಮಾಡಿದೆ ಅಂತ ಹೇಳಿದ ಮೊತ್ತ, ಆ ಕಡೆಯ ದೇಶ ಆಮದು ಮಾಡಿಕೊಂಡೆ ಅಂದ ಮೊತ್ತ, ಎರಡೂ ತಾಳೆಯಾಗುವುದಿಲ್ಲ. ಆಮದಿನ ಲೆಕ್ಕದಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುತ್ತದೆ, ರಫ್ತಿನಲ್ಲಿ ಇರುವುದಿಲ್ಲ. ಜತೆಗೆ ಮಧ್ಯದ ಬಂದರುಗಳ ಗೊಂದಲ ಬೇರೆ.

ಗುಣಾಕಾರ

ಬ್ಲೂಮ್‌ಬರ್ಗ್ ನಿಮಗೆ ಬೇಕಾಗಿಲ್ಲ ಅನಿಸುತ್ತದೆ. ಅದು ಇವತ್ತಿನ ಮಾರುಕಟ್ಟೆ ನೋಡಲು ಮಾಡಿದ ಯಂತ್ರ, ಹಳೆಯ ಕಂಪನಿಗಳ ದೊಡ್ಡ ಕೋಷ್ಟಕ ಕಟ್ಟಲು ಅಲ್ಲ. ತಿಂಗಳಿಗೆ ಇಷ್ಟು ಅಂತ ಇಳಿಸುವ ಮಿತಿಯೂ ಇದೆ. ಬಾಂಡ್, ಕರೆನ್ಸಿ, ಒಪ್ಪಂದಗಳ ಸುದ್ದಿ ಬೇಕಿದ್ದರೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಕೂತಾಗ ಸಿಕ್ಕಿಹಾಕಿಕೊಂಡರೆ ಹೆಲ್ಪ್ ಕೀ ಎರಡು ಸಲ ಒತ್ತಿ, ಆ ಕಡೆಯಿಂದ ಮನುಷ್ಯರೇ ಚಾಟ್‌ಗೆ ಬರುತ್ತಾರೆ. ವಿದ್ಯಾರ್ಥಿಗಳಿಗೂ ಉತ್ತರ ಕೊಡುತ್ತಾರೆ.

ನಿಮ್ಮ ಪ್ರಶ್ನೆಯ ನಿಜವಾದ ಕಷ್ಟ ಬೇರೆ ಕಡೆ ಇದೆ. ಕೇಂದ್ರ ಬ್ಯಾಂಕ್ ಸುಮ್ನೆ ಬಡ್ಡಿ ಏರಿಸುವುದಿಲ್ಲ. ಆರ್ಥಿಕತೆ ಜೋರಾಗಿ ಓಡುವಾಗ ಏರಿಸುತ್ತದೆ. ಅದೇ ಹೊತ್ತಿನಲ್ಲಿ ಕಂಪನಿಗಳೂ ಬೇಡಿಕೆ ನೋಡಿ ಹೂಡಿಕೆ ಜಾಸ್ತಿ ಮಾಡುತ್ತಿರುತ್ತವೆ. ಸುಮ್ನೆ ಎರಡನ್ನೂ ಜೋಡಿಸಿದರೆ ಬಡ್ಡಿ ಏರಿದಷ್ಟೂ ಹೂಡಿಕೆ ಏರುತ್ತದೆ ಅಂತ ಬಂದರೂ ಆಶ್ಚರ್ಯ ಇಲ್ಲ. ಅದಕ್ಕೇ ಬಡ್ಡಿಯ ಅನಿರೀಕ್ಷಿತ ಭಾಗವನ್ನು ಮಾತ್ರ ಬೇರ್ಪಡಿಸಿ ನೋಡುತ್ತಾರೆ. ಕ್ರಿಸ್ಟಿನಾ ರೋಮರ್, ಡೇವಿಡ್ ರೋಮರ್ 2004ರಲ್ಲಿ ಇಂಥ ಒಂದು ಸರಣಿ ಕಟ್ಟಿದರು, ಫೆಡ್, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ, ಒಳಗಿನ ಮುನ್ಸೂಚನೆಗಳನ್ನು ಇಟ್ಟುಕೊಂಡು. ಗರ್ಟ್ಲರ್ ಮತ್ತು ಕರಾಡಿ 2015ರಲ್ಲಿ ಫೆಡ್ ಪ್ರಕಟಣೆಯ ಹೊತ್ತಿನ ಮಾರುಕಟ್ಟೆಯ ಏರಿಳಿತ ಬಳಸಿದರು. ಈ ಸರಣಿಗಳನ್ನು ನೀವು ಕಟ್ಟಬೇಕಾಗಿಲ್ಲ, ಲೇಖನದ ಜತೆಗೇ ಸಿಗುತ್ತವೆ.

ಕಪಾಟಿನ_ಹಿಂದೆ

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಗ್ರಂಥಾಲಯದ ಪಟ್ಟಿಯಲ್ಲೇ ಇಲ್ಲದ ಸಂಪನ್ಮೂಲ ಅಂದರೆ ಇದು. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ಜರ್ನಲ್‌ಗಳಲ್ಲಿ ಲೇಖನ ಬರಬೇಕಾದರೆ ದತ್ತಾಂಶ, ಕೋಡ್ ಎರಡನ್ನೂ ಒಪ್ಪಿಸಬೇಕು. ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಚಂದಾ ದತ್ತಾಂಶ ಬಳಸಿದ್ದರೆ ಮೂಲ ಫೈಲ್ ಇರುವುದಿಲ್ಲ, ಆದರೆ ಯಾವ ಅಂಕಣ ತೆಗೆದರು, ಯಾವ ಕಂಪನಿ ಬಿಟ್ಟರು ಅನ್ನುವ ಕೋಡ್ ಇರುತ್ತದೆ. ಒಂದು ಒಳ್ಳೆಯ ಲೇಖನದ ಕೋಡ್ ಓದಿದರೆ ದತ್ತಾಂಶ ಶುಚಿ ಮಾಡುವುದು ಹೇಗೆ ಅಂತ ಗೊತ್ತಾಗುತ್ತದೆ. ಯಾವ ಕೈಪಿಡಿಯಲ್ಲೂ ಅಷ್ಟು ಬರೆದಿರುವುದಿಲ್ಲ.

ಶಂಕೆ_ಪಂಡಿತ

ದತ್ತಾಂಶ ಕೇಳಿ ಪಡೆಯುವುದು ಯಾಕೆ ಮುಖ್ಯ ಅಂತ ರೈನ್‌ಹಾರ್ಟ್, ರೋಗಾಫ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರ ಕಥೆ ಹೇಳುತ್ತದೆ. 2010ರಲ್ಲಿ ಬರೆದರು, ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಅಂತ. ಎಷ್ಟೋ ಸರ್ಕಾರಗಳು ಖರ್ಚು ಕಡಿತಕ್ಕೆ ಇದನ್ನೇ ತೋರಿಸಿದವು. ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕೆ ಅದೇ ಲೆಕ್ಕ ಮತ್ತೆ ಮಾಡಲು ಹೋದರೆ ಉತ್ತರ ಬರಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಫೈಲ್ ತರಿಸಿಕೊಂಡರು. ಸರಾಸರಿ ತೆಗೆಯುವ ಸೂತ್ರದಲ್ಲಿ ಐದು ದೇಶಗಳ ಸಾಲು ಬಿಟ್ಟುಹೋಗಿತ್ತು. ಅದರ ಜತೆಗೆ ಕೆಲವು ವರ್ಷಗಳನ್ನು ಬಿಟ್ಟಿದ್ದು, ದೇಶಗಳಿಗೆ ಕೊಟ್ಟ ತೂಕ, ಇವುಗಳ ತಕರಾರೂ ಸೇರಿ 2013ರಲ್ಲಿ ತನ್ನ ಅಧ್ಯಾಪಕರ ಜತೆ ಬರೆದ ಪೇಪರ್‌ನಲ್ಲಿ ಶೇ 90 ದಾಟಿದವರ ಸರಾಸರಿ ಬೆಳವಣಿಗೆ ಮೈನಸ್ ಶೇ 0.1 ಇದ್ದದ್ದು ಶೇ 2.2 ಆಯಿತು. ಸಾಲ ಜಾಸ್ತಿ ಇದ್ದರೆ ಬೆಳವಣಿಗೆ ಸ್ವಲ್ಪ ಕಡಿಮೆ ಅನ್ನುವುದು ಆಮೇಲೂ ಉಳಿಯಿತು, ಬಂಡೆಯಿಂದ ಬೀಳುವಂಥ ಕುಸಿತ ಉಳಿಯಲಿಲ್ಲ.

ಎಂಎ_ಕೊನೆವರ್ಷ

ಚಾಟ್‌ಬಾಟ್ ಕೇಳಿದರೆ ಲೇಖನಗಳ ಪಟ್ಟಿ ಚೆನ್ನಾಗಿಯೇ ಕೊಡುತ್ತದೆ. ಅದನ್ನು ಬಳಸಬಹುದಾ?

ಕಪಾಟಿನ_ಹಿಂದೆ

ಪ್ರಶ್ನೆಯನ್ನು ಚೂಪು ಮಾಡಿಕೊಳ್ಳಲು, ಹುಡುಕುವ ಪದ ಹೊಳೆಯಲು ಬಳಸಿ. ಪಟ್ಟಿಯನ್ನು ಮಾತ್ರ ಹಾಗೇ ನಂಬಬೇಡಿ. ನಿಜವಾದ ಲೇಖಕ, ನಿಜವಾದ ಜರ್ನಲ್, ಆದರೆ ಅಂಥ ಲೇಖನವೇ ಇಲ್ಲ, ಹೀಗೆ ಬರುವುದು ಇದೆ. ಅಂಥ ಚೀಟಿ ಹಿಡಿದು ನಮ್ಮ ಟೇಬಲ್ಲಿಗೆ ಬರುವವರು ಈಗ ಜಾಸ್ತಿ. ಪ್ರತಿ ಶೀರ್ಷಿಕೆಯನ್ನೂ ಎಕಾನ್‌ಲಿಟ್‌ನಲ್ಲಿ ಹಾಕಿ, ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಇರುವ ಶಾಶ್ವತ ಕೊಂಡಿ, ತೆರೆಯುತ್ತದಾ ನೋಡಿ. ಇನ್ನೊಂದು ದಾರಿ, ಕೈಗೆ ಸಿಕ್ಕ ಒಂದು ಒಳ್ಳೆಯ ಲೇಖನವನ್ನು ಸ್ಕೋಪಸ್‌ನಲ್ಲೋ ವೆಬ್ ಆಫ್ ಸೈನ್ಸ್‌ನಲ್ಲೋ ತೆರೆದು ಆಮೇಲೆ ಅದನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿಕೊಂಡು ಮುಂದೆ ಹೋಗುವುದು. ಹಳೆಯ ವಿಧಾನ. ಈಗಲೂ ಇದಕ್ಕಿಂತ ಒಳ್ಳೆಯದು ಕಂಡಿಲ್ಲ.

ಮರೆಯುವ ಮೊದಲು ಇದನ್ನೂ ಹೇಳುತ್ತೇನೆ. ಸ್ಕ್ರಿಪ್ಟ್ ಬರೆದು ಒಂದೇ ರಾತ್ರಿಯಲ್ಲಿ ಸಾವಿರಾರು ಪಿಡಿಎಫ್ ಇಳಿಸುವ ಸಾಹಸ ಮಾಡಬೇಡಿ. ಪ್ರಕಾಶಕರ ಕಡೆ ಗಂಟೆ ಹೊಡೆಯುತ್ತದೆ, ಅವರು ಪೂರ್ತಿ ಕ್ಯಾಂಪಸ್ಸಿನ ಬಾಗಿಲು ಹಾಕಿಬಿಡುತ್ತಾರೆ. ಪರೀಕ್ಷೆ ಹೊತ್ತಿನಲ್ಲಿ ಹೀಗಾದರೆ ಆಮೇಲೆ ನಮಗೆ ಬರುವ ಈಮೇಲ್ ನೀವು ನೋಡಬೇಕು. ನಿಜವಾಗಿ ರಾಶಿ ಬೇಕಿದ್ದರೆ ಮೊದಲೇ ಹೇಳಿ, ಪ್ರೋಗ್ರಾಂ ಮೂಲಕ ಇಳಿಸಲು ಪ್ರಕಾಶಕರೇ ಕೊಡುವ ದಾರಿ, ಎಪಿಐ, ಇರುತ್ತದೆ ಅಥವಾ ನಾವು ಪ್ರಕಾಶಕರ ಜತೆ ಮಾತಾಡುತ್ತೇವೆ. ಚಂದಾ ಇಲ್ಲದ ಲೇಖನ ಬೇಕಿದ್ದರೆ ಇನ್ನೊಂದು ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆಯೂ ಇದೆ, ಎಷ್ಟೋ ಸಲ ಎರಡು ಮೂರು ದಿನದಲ್ಲಿ ಬರುತ್ತದೆ.

ಸುದ್ದಿ_ಮನೆ

ಎಬ್ಸ್ಕೋದ ಬಿಸಿನೆಸ್ ಸೋರ್ಸ್ ಡೇಟಾಬೇಸ್ ಬಗ್ಗೆ ಯಾರೂ ಹೇಳಲಿಲ್ಲ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪೂರ್ತಿ ಅಲ್ಲಿದೆ. ಕೆಲವು ಜನಪ್ರಿಯ ಲೇಖನ ಮಾತ್ರ ತೆರೆಯ ಮೇಲೆ ಓದಬಹುದು, ಉಳಿಸಿಕೊಳ್ಳಲು ಬಿಡುವುದಿಲ್ಲ, ಅದೊಂದು ಕಿರಿಕಿರಿ. ಹಳೆಯ ಪತ್ರಿಕಾ ಸುದ್ದಿಗೆ ಫ್ಯಾಕ್ಟಿವಾ ಚೆನ್ನ. ಗಿರಣಿ ಯಾವಾಗ ಮುಚ್ಚಿತು, ಯಾಕೆ ಮುಚ್ಚಿತು ಅಂತ ಕೋಷ್ಟಕ ಹೇಳುವುದಿಲ್ಲ, ಸುದ್ದಿ ಹೇಳುತ್ತದೆ.

ಎಂಎ_ಕೊನೆವರ್ಷ

ಇಷ್ಟು ಓದಿ ಇವತ್ತು ಗೈಡ್ ಜತೆ ಕೂತು ಮಾತಾಡಿದೆ. ಅಮೆರಿಕದ ಷೇರುಪೇಟೆಯ ಕಂಪನಿಗಳು, ಕಂಪುಸ್ಟ್ಯಾಟ್, ಮುಚ್ಚಿದವೂ ಸೇರಿ, ವರ್ಷವಾರು ಸಂಕೇತ. ಬಡ್ಡಿಗೆ ಗರ್ಟ್ಲರ್, ಕರಾಡಿ ಸರಣಿ. ಸಣ್ಣ ಗಿರಣಿಗಳ ಬಗ್ಗೆ ಶಂಕೆ_ಪಂಡಿತರು ಹೇಳಿದ್ದನ್ನು ಒಂದು ಪೂರ್ತಿ ವಿಭಾಗವಾಗಿ ಬರೆಯುತ್ತೇನೆ, ಅದಕ್ಕೆ ದತ್ತಾಂಶ ಇಲ್ಲ ಅಂತಲೇ. ಡಬ್ಲ್ಯುಆರ್‌ಡಿಎಸ್ ಖಾತೆಗೆ ಅರ್ಜಿ ಹಾಕಿದ್ದೇನೆ. ಓದು ಮುಗಿದ ಮೇಲೆ ಆ ದತ್ತಾಂಶ ನನ್ನ ಹತ್ತಿರ ಇಟ್ಟುಕೊಳ್ಳಬಹುದಾ?

ಶಂಕೆ_ಪಂಡಿತ

'ಇಲ್ಲ' ಅಂತ ಬರೆದು ಬಿಡಬೇಡಿ. ಸಾಲ ಜಾಸ್ತಿ ಇರುವ ಸಣ್ಣ ಕಂಪನಿಗಳನ್ನು ನಿಮ್ಮ ಫೈಲಿನಲ್ಲೇ ಬೇರೆ ಮಾಡಿ ನೋಡಿ. ಅವುಗಳಿಗೆ ಏಟು ಜಾಸ್ತಿ ಬಿದ್ದಿದ್ದರೆ ಪೇಟೆಗೆ ಬಾರದವರ ಬಗ್ಗೆ ಸ್ವಲ್ಪ ಸುಳಿವಾದರೂ ಸಿಗುತ್ತದೆ.

ಕಪಾಟಿನ_ಹಿಂದೆ

ಖಾತೆ ನಿಮ್ಮ ನೋಂದಣಿ ಮುಗಿದ ಮೇಲೆ ನಿಲ್ಲುತ್ತದೆ. ಫೈಲ್ ಇಟ್ಟುಕೊಳ್ಳುವುದು ಆಯಾ ಚಂದಾದ ಕರಾರಿಗೆ ಬಿಟ್ಟದ್ದು, ಬೇರೆಯವರಿಗೆ ಕೊಡುವುದಂತೂ ಆಗದು. ನಿಮ್ಮ ಕೋಡ್ ಇಟ್ಟುಕೊಳ್ಳಿ, ಯಾವ ದಿನ ಇಳಿಸಿದಿರಿ ಅಂತ ಅದರ ಮೊದಲ ಸಾಲಿನಲ್ಲೇ ಬರೆದಿಡಿ. ಈ ಡೇಟಾಬೇಸ್‌ಗಳು ಹಳೆಯ ಅಂಕಿಗಳನ್ನೂ ತಿದ್ದುತ್ತಿರುತ್ತವೆ, ಆರು ತಿಂಗಳ ನಂತರ ಅದೇ ಕೋಡ್ ಓಡಿಸಿದರೆ ಸಾಲುಗಳ ಸಂಖ್ಯೆ ಸ್ವಲ್ಪ ಬೇರೆ ಬರಬಹುದು, ಆಗ ಗೈಡ್ ಕೇಳಿದರೆ ಹೇಳಲು ಆ ದಿನಾಂಕ ಬೇಕಾಗುತ್ತದೆ. ಅರ್ಜಿಗೆ ಗೈಡ್ ಒಪ್ಪಿಗೆಯೂ ಬೇಕಾಗಬಹುದು, ಅವರ ಈಮೇಲಿಗೆ ಒಂದು ಕೊಂಡಿ ಹೋಗಿರುತ್ತದೆ. ಸ್ಪ್ಯಾಮ್ ಪೆಟ್ಟಿಗೆ ನೋಡಲು ಹೇಳಿ, ಬಹಳ ಅರ್ಜಿಗಳು ಅಲ್ಲೇ ಕೂತಿರುತ್ತವೆ.